ಮಡಚಿದ ಪೈಪು

ಹಿತ್ತಿಲ ಗಾಡಿಯನ್ನು ಮತ್ತೆ ರಸ್ತೆಗಿಳಿಸೋಣ ಎಂದು ಮೊದಲು ಹೇಳಿದವಳು ಮಗಳು. ಕಬ್ಬಿಣದ ಗೇಟು, ಕಿಟಕಿಯ ಸರಳು ಬೆಸೆಯುವುದು ಅವಳ ಕೆಲಸ. ಮಾಡಿಟ್ಟ ಗೇಟನ್ನು ಗಿರಾಕಿಯ ಮನೆಗೆ ಮುಟ್ಟಿಸಲು ಪ್ರತಿ ಸಲವೂ ಯಾರದೋ ಗಾಡಿಗೆ ಕಾಯಬೇಕಾಗುತ್ತಿತ್ತು.

"ನಮ್ದೇ ಪಿಕಪ್ಪು ಹಿತ್ತಿಲಲ್ಲಿ ಬಿದ್ದಿದೆ, ನಾನು ಕಂಡಕಂಡೋರ ಕಾಲು ಹಿಡೀತಾ ತಿರುಗ್ತಿದ್ದೀನಿ" ಎಂದು ಒಂದು ಮಧ್ಯಾಹ್ನ ಊಟದ ತಟ್ಟೆ ಮುಂದಿಟ್ಟುಕೊಂಡು ಹೇಳಿದಳು.

ತಾಯಿ ಮಗಳ ಮುಖ ನೋಡಲಿಲ್ಲ. ಗಂಡನ ಮುಖ ನೋಡಿದಳು. ಆ ಗಾಡಿಯ ಮಾತನ್ನು ಆ ಮನೆಯಲ್ಲಿ ಆರು ವರ್ಷಗಳಿಂದ ಯಾರೂ ಎತ್ತಿರಲಿಲ್ಲ.

ತಾಯಿಯನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಅವಳು ಹೊಲಿಯುತ್ತಿದ್ದುದು ಬಟ್ಟೆಯನ್ನಲ್ಲ. ಗಾಡಿಗಳ ಸೀಟು, ಟಾರ್ಪಾಲು, ದಪ್ಪ ಚೀಲಗಳನ್ನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಬಾಗಿಲು ತೆಗೆದರೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಅವಳೇ ಹೊಲಿದ ಟಾರ್ಪಾಲು ಹೊದ್ದ ಗಾಡಿ. ಆ ಗಾಡಿಯಲ್ಲಿ ಅವಳ ಗಂಡ ಹದಿನೇಳು ವರ್ಷ ಮರದ ಸಾಮಾನು ಸಾಗಿಸಿದ್ದ. ಬೀರು, ಮಂಚ, ಕುರ್ಚಿ. ಒಂದು ಗೀರು ಬೀಳದಂತೆ ಇಳಿಸಿಕೊಡುತ್ತಾನೆ ಎಂದು ಹೆಸರು ಮಾಡಿದ್ದ.

ಆರು ವರ್ಷದ ಹಿಂದೆ ಬ್ರೇಕಿನ ಪೆಡಲು ಮೆತ್ತಗಾಗಿದೆ ಎಂದು ಗಾಡಿಯನ್ನು ಹೆಂಡತಿಯ ತಮ್ಮನ ಗ್ಯಾರೇಜಿನಲ್ಲಿ ಬಿಟ್ಟಿದ್ದ. ಆ ತಮ್ಮನಿಗೆ ಬಂಗಾರದ ಕೈ ಎಂದು ಅಡ್ಡಹೆಸರು. ಸತ್ತ ಇಂಜಿನ್ನನ್ನೂ ಎಬ್ಬಿಸಿ ಕೂರಿಸುತ್ತಾನೆ ಎನ್ನುವ ಖ್ಯಾತಿ. ಮಾರನೆಯ ದಿನ ಬೆಳಿಗ್ಗೆ ಗಾಡಿ ತೆಗೆದುಕೊಂಡ ಗಂಡ ನಾಲ್ಕು ಬೀರು ಹೇರಿಕೊಂಡು, ಪಾಲಿಷ್ ಸ್ಪಿರಿಟ್ಟಿನ ಒಂದು ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೊರಟ. ಕಲ್ಲುಗೋಡೆಯ ಇಳಿಜಾರಿನಲ್ಲಿ ಬ್ರೇಕು ತುಳಿದರೆ ಪೆಡಲು ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಹ್ಯಾಂಡ್‌ಬ್ರೇಕು ಆ ಭಾರಕ್ಕೆ ಏನೂ ಮಾಡಲಿಲ್ಲ. ಇಳಿಜಾರು ಮುಗಿಯುವಲ್ಲಿ ಬೀಗದ ಕೀಲಿ ಮಾಡುವವನ ಸಣ್ಣ ಅಂಗಡಿ. ಗಾಡಿ ಅದನ್ನು ಅರ್ಧ ಒಡೆದು ಗೋಡೆಗೆ ಅಪ್ಪಳಿಸಿತು. ಕೀಲಿಯವನ ಬಲಗೈಯ ಎರಡು ಬೆರಳು ಹೋದವು. ಗಂಡನ ಬಲಗಾಲಿನ ಮಂಡಿ ಪುಡಿಯಾಯಿತು. ಡಬ್ಬಿ ಒಡೆದು ಮೈಯೆಲ್ಲ ಸ್ಪಿರಿಟ್ಟು, ಸಾರಾಯಿಯಂಥದೇ ವಾಸನೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕನ ಹತ್ತಿರ ಬಂದ ತಮ್ಮ ಧ್ವನಿ ತಗ್ಗಿಸಿ ಹೇಳಿದ್ದ: "ಹೇಳಬಾರ್ದು ಅಕ್ಕಾ, ಆದ್ರೂ ಹೇಳ್ತೀನಿ. ಬೆಳಿಗ್ಗೆ ಗಾಡಿ ತಗೊಂಡು ಹೋಗೋಕೆ ಬಂದಾಗ್ಲೇ ಭಾವನ ಬಾಯಲ್ಲಿ ವಾಸನೆ ಇತ್ತು. ಬ್ರೇಕು ಸರಿಯಾಗೇ ಇತ್ತು. ನಾನೇ ಪೈಪು ಹೊಸದು ಹಾಕಿದ್ದೆ."

ವಿಚಾರಣೆಗೆ ಬಂದವರ ಮುಂದೆಯೂ ಅದನ್ನೇ ಹೇಳಿದ. ಆ ಗಡಿಬಿಡಿಯಲ್ಲಿ ರಕ್ತ ಪರೀಕ್ಷೆಯ ನೆನಪು ಯಾರಿಗೂ ಆಗಿರಲಿಲ್ಲ. ಮೈಯ ವಾಸನೆಯೇ ಸಾಕಾಯಿತು. ಲೈಸೆನ್ಸು ಹೋಯಿತು. ಕುಡಿದು ಕೀಲಿಯವನ ಕೈ ತೆಗೆದವನು ಎನ್ನುವ ಮಾತು ಮನೆ ಮನೆಗೆ ಹೋಯಿತು.

ಹೊಲಿಗೆಯಕ್ಕ ಮೂರು ದಿನ ಸುಮ್ಮನಿದ್ದಳು. ನಾಲ್ಕನೆಯ ದಿನ ಗಂಡನ ಮಂಚದ ಪಕ್ಕ ಕೂತು ಕೇಳಿಯೇಬಿಟ್ಟಳು. "ನಿಜ ಹೇಳಿ. ಕುಡಿದಿದ್ರಾ?"

ಅವನು ಸೂರು ನೋಡುತ್ತ ಹೇಳಿದ: "ನಿನ್ನ ತಮ್ಮ ಹೇಳಿದಾನಲ್ಲ."

ಅಷ್ಟೇ. ಅದಾದ ಮೇಲೆ ಅವನು ಅವಳ ಮೇಲೆ ಕೂಗಾಡಲಿಲ್ಲ, ದೂರಲಿಲ್ಲ. ಅವಳನ್ನು ಏನೂ ಕೇಳುವುದನ್ನು ನಿಲ್ಲಿಸಿದ. ಗೋಡೆಗೆ ಯಾವ ಬಣ್ಣ ಹಚ್ಚಿಸೋಣ, ಈ ಅಂಗಿ ಹೇಗಿದೆ, ಇವತ್ತು ಮೋಡ ಇದೆಯಾ, ಯಾವುದನ್ನೂ ಕೇಳಲಿಲ್ಲ. ಆರು ವರ್ಷ.

ಮಗಳ ಮಾತಿಗೆ ಅವನು ಮೊದಲು ಬೇಡವೆಂದು ತಲೆಯಾಡಿಸಿಬಿಟ್ಟ. "ಅದು ಸತ್ತಿದೆ. ಬಿಟ್ಬಿಡು."

"ಸತ್ತಿದ್ರೆ ಬೆಸೀತೀನಿ ಅಪ್ಪ. ನಿನ್ನ ಮಂಡೀನೂ ಬೆಸೀತಿದ್ದೆ, ಡಾಕ್ಟ್ರು ಬಿಡ್ಲಿಲ್ಲ."

ಅವನಿಗೆ ನಗು ಬಂತು. ನಕ್ಕ ಮೇಲೆ ಬೇಡ ಎನ್ನಲು ಆಗಲಿಲ್ಲ.

ಮೊದಲ ಮೂರು ವಾರ ಆ ಹಿತ್ತಿಲು ಬೇರೆಯದೇ ಮನೆಯ ಹಿತ್ತಿಲಿನಂತಿತ್ತು. ಟಾರ್ಪಾಲು ಎಳೆದ ದಿನ ಸೀಟಿನೊಳಗಿಂದ ಒಂದು ಇಲಿ ಸಂಸಾರ ಸಮೇತ ಹೊರಬಿತ್ತು. ಮಗಳು ನೆಗ್ಗಿದ ಬಾನೆಟ್ಟು ಬಿಚ್ಚಿ ಬಡಿದಳು, ತುಕ್ಕು ತಿಂದ ಕಡೆ ಕತ್ತರಿಸಿ ಹೊಸ ತಗಡು ಕೂರಿಸಿದಳು. ಗಂಡ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಕಾರ್ಬೊರೇಟರನ್ನು ಮಡಿಲಿನ ಬಟ್ಟೆಯ ಮೇಲೆ ಬಿಡಿಸಿಟ್ಟು, ಒಂದೊಂದು ತಿರುಪನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಹೊಲಿಗೆಯಕ್ಕ ಸೀಟಿನ ಹಳೆಯ ರೆಕ್ಸಿನ್ನನ್ನು ಹೊಲಿಗೆ ಬಿಚ್ಚಿ ಬೇರ್ಪಡಿಸಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಿದಳು. ಒಂದು ಸಂಜೆ ಗಂಡ, ಯಾರಿಗೆ ಎಂದು ಹೇಳದೆ, "ಕಂದು ಬಣ್ಣ ಚೆನ್ನಾಗಿದೆ" ಎಂದ. ಅವಳು ಆ ಮಾತನ್ನು ಎರಡು ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದಳು.

ನಾಲ್ಕನೆಯ ವಾರ ಮಗಳು ಗಾಡಿಯಡಿ ಮಲಗಿ ಹಿಂದಿನ ಚಕ್ರಗಳ ಕಡೆ ಕೆರೆಯುತ್ತಿದ್ದಳು. "ಅಮ್ಮಾ, ದೀಪ ಹಿಡಿ. ಇಲ್ಲೇನೋ ವಿಚಿತ್ರವಾಗಿದೆ."

ಹೊಲಿಗೆಯಕ್ಕ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಮಲಗಿ ದೀಪ ಹಿಡಿದಳು. ಎಡಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯಬೇಕಿದ್ದ ಪೈಪು ಚಕ್ರದವರೆಗೆ ಹೋಗಿರಲಿಲ್ಲ. ನಡುವೆಯೇ ಕತ್ತರಿಸಿ, ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಮಡಚಿ, ಮೇಲೆ ತಂತಿ ಬಿಗಿದು, ಗ್ರೀಸು ಮೆತ್ತಲಾಗಿತ್ತು. ಮಡಿಕೆಯ ಬೆನ್ನಿನಲ್ಲಿ ಉಗುರು ಹೋಗುವಷ್ಟು ಸೀಳು.

"ಸೋರ್ತಿದ್ದ ಪೈಪಿನ ಬಾಯಿ ಮುಚ್ಚಿದಾರೆ" ಎಂದಳು ಮಗಳು. "ಹೊಸದು ಹಾಕೇ ಇಲ್ಲ. ಭಾರ ಹಾಕಿ ಜೋರಾಗಿ ತುಳಿದ್ರೆ ಇದು ಸೀಳದೆ ಇನ್ನೇನಾಗುತ್ತೆ? ಎಣ್ಣೆಯೆಲ್ಲ ಇಲ್ಲಿಂದ ಚಿಮ್ಮಿರುತ್ತೆ. ಈ ಹಳೇ ಗಾಡೀಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿ, ಒಂದು ಹೋದ್ರೆ ಎಲ್ಲಾ ಹೋಯ್ತು. ಅಮ್ಮಾ, ಯಾರು ಮಾಡಿದ್ದು ಇದು?"

ಹೊಲಿಗೆಯಕ್ಕ ತಂತಿಯನ್ನೇ ನೋಡುತ್ತಿದ್ದಳು. ತಾಮ್ರದ ತಂತಿ. ಮೂರು ಸುತ್ತು, ತುದಿಯನ್ನು ಹಿಂದಕ್ಕೆ ಬಗ್ಗಿಸಿ ಸುತ್ತಿನೊಳಗೆ ತೂರಿಸಿದ್ದು. ಮುಟ್ಟಿದವರ ಕೈಗೆ ಚುಚ್ಚಬಾರದೆಂದು ಹಾಗೆ ಕಟ್ಟುವುದನ್ನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವಳ ಅಪ್ಪ ತನ್ನ ಇಬ್ಬರು ಮಕ್ಕಳಿಗೆ ಮಾತ್ರ ಕಲಿಸಿದ್ದ. ಇವತ್ತಿಗೂ ಅವಳು ಟಾರ್ಪಾಲಿನ ಕೊಕ್ಕೆಗಳನ್ನು ಹಾಗೆಯೇ ಕಟ್ಟುತ್ತಿದ್ದಳು.

ಗಾಡಿಯಡಿಯಿಂದ ಎದ್ದು ಬರಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಆರು ವರ್ಷ ಆ ಪೈಪು ಅವಳ ಹಿಂದಿನ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ತಮ್ಮ ಬಂದಾಗಲೆಲ್ಲ "ಅಕ್ಕಾ, ಆ ಗಾಡಿ ನೋಡಿದಷ್ಟೂ ನಿನಗೆ ಸಂಕಟ, ಗುಜರಿಗೆ ಎಳೆಸಿಬಿಡ್ತೀನಿ" ಎನ್ನುತ್ತಿದ್ದ. ಎಷ್ಟು ಒಳ್ಳೆಯವನು ಎಂದುಕೊಂಡಿದ್ದಳು. ಹಿಂದಿನ ಜಗುಲಿಯಲ್ಲಿ ಹಗಲಿಡೀ ಕಾಲು ಚಾಚಿ ಕೂತಿರುತ್ತಿದ್ದ ಗಂಡ ಮಾತ್ರ ಒಪ್ಪಿರಲಿಲ್ಲ. ಅದನ್ನು ಅವಳು ಹಟ ಎಂದುಕೊಂಡಿದ್ದಳು.

ಪೈಪಿನ ಆ ತುಂಡನ್ನು ಗಂಡನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿದ, ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ.

"ಪೊಲೀಸ್ರ ಹತ್ರ ಹೋಗೋಣ" ಎಂದಳು ಮಗಳು.

"ಆರು ವರ್ಷದ ಪೈಪು ತಗೊಂಡಾ?" ಎಂದ ಗಂಡ. "ಈಗ ನೀವೇ ಮಡಚಿದ್ದಲ್ಲ ಅಂತ ಹೇಗೆ ನಂಬೋದು ಅಂತಾರೆ." ತುಂಡನ್ನು ಸ್ಟೂಲಿನ ಮೇಲಿಟ್ಟು ಕುಂಟುತ್ತ ಒಳಗೆ ಹೋದ. ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ.

ನೋಡಿ ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಅವಳು ಪೈಪನ್ನು ತನ್ನ ಹೊಲಿಗೆ ಚೀಲದಲ್ಲಿ, ಕತ್ತರಿಯ ಪಕ್ಕದಲ್ಲಿ ಹಾಕಿಕೊಂಡಳು. "ಗಾಡಿ ಮುಗಿಸೋಣ" ಎಂದಳು ಮಗಳಿಗೆ. "ಮೊದಲು ಅದು ಓಡಬೇಕು. ಆಮೇಲಿನದು ನನಗೆ ಬಿಡು."

ಗಾಡಿ ಬಿಚ್ಚಿರುವ ಸುದ್ದಿ ತಮ್ಮನಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಟೂಲ್ ಬ್ಯಾಗು ಹಿಡಿದುಕೊಂಡೇ ಬಂದ.

"ಏನಕ್ಕಾ, ನನಗೊಂದು ಮಾತು ಹೇಳೋದಲ್ವಾ? ಮನೇಲಿ ಮೆಕ್ಯಾನಿಕ್ಕು ಇಟ್ಕೊಂಡು ನೀವೇ ಒದ್ದಾಡ್ತಿದ್ದೀರಲ್ಲ. ಬೇರೇದು ಏನಾದ್ರೂ ಮಾಡ್ಕೊಳ್ಳಿ, ಬ್ರೇಕು ಮಾತ್ರ ನನಗೆ ಬಿಡಿ."

"ಬ್ರೇಕು ನಿನಗೇ ಬಿಟ್ಟಿದ್ವಲ್ಲ" ಎಂದಳು ಹೊಲಿಗೆಯಕ್ಕ. ನಗುತ್ತಲೇ ಹೇಳಿದಳು. ಅವನೂ ನಕ್ಕ.

ಇಂಜಿನ್ನಿನ ಕಡೆ ತಿರುಗಿಯೂ ನೋಡದೆ ನೇರವಾಗಿ ಗಾಡಿಯಡಿ ನುಸುಳಿದ. ಅವನ ಎರಡು ಪಾದ ಮಾತ್ರ ಹೊರಗಿದ್ದವು. ಒಳಗೆ ಟಾರ್ಚಿನ ಬೆಳಕು ಹಿಂದಿನ ಎಡಚಕ್ರದ ಬಳಿ ಹೋಗಿ ನಿಂತಿತು. ಮುಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಹೊಲಿಗೆಯಕ್ಕ ಹೆಗಲ ಚೀಲವನ್ನು ಅವುಚಿಕೊಂಡು ನಿಂತೇ ಇದ್ದಳು.

ಹೊರಗೆ ಬಂದವನ ಹಣೆಯಲ್ಲಿ ಬೆವರಿತ್ತು. "ಹಳೇ ಪೈಪೆಲ್ಲ ಎಲ್ಲಿ ಅಕ್ಕಾ?"

"ಅಯ್ಯೋ, ತುಕ್ಕು ಹಿಡಿದಿತ್ತು ಕಣೋ. ಎಲ್ಲಾ ಒಟ್ಟು ಮಾಡಿ ಗುಜರಿಗೆ ಹಾಕ್ದೆ. ಯಾಕೆ, ಬೇಕಿತ್ತಾ?"

ಅವನ ಮುಖ ಸಡಿಲವಾಯಿತು. ಭುಜ ಇಳಿಯಿತು. ಭಾರದ ಸಾಮಾನು ಕೆಳಗಿಳಿಸಿದವರ ಹಾಗೆ ಉಸಿರು ಬಿಟ್ಟ. "ಒಳ್ಳೇದೇ ಆಯ್ತು ಬಿಡು. ಹಳೇದೆಲ್ಲ ಯಾಕೆ" ಎಂದು ಕೈ ಒರೆಸಿಕೊಂಡ.

ಅಲ್ಲಿಯವರೆಗೂ ಅವಳ ಮನಸ್ಸಿನ ಒಂದು ಮೂಲೆ ತಮ್ಮನ ಪರ ವಾದಿಸುತ್ತಲೇ ಇತ್ತು. ಆ ಗಂಟನ್ನು ಅವನಿಂದ ನೋಡಿ ಕಲಿತ ಕೈಕೆಳಗಿನವರು ಯಾರೋ ಮಾಡಿರಬಹುದು, ಇವನಿಗೆ ಗೊತ್ತಿರಲಿಕ್ಕಿಲ್ಲ ಎಂದು. ಆ ಉಸಿರು ನೋಡಿದ ಮೇಲೆ ಆ ಮೂಲೆಯೂ ಬಾಯಿ ಮುಚ್ಚಿತು. ಅವಳು ಒಳಗೆ ಹೋಗಿ ತಮ್ಮನಿಗೆ ಚಹಾ ಮಾಡಿದಳು, ಅವನಿಗೆ ಇಷ್ಟವಾಗುವಂತೆ ಸಕ್ಕರೆ ಜಾಸ್ತಿ ಹಾಕಿ.

ಆ ಸಂಜೆ ಗಂಡನ ಮುಂದೆ ಹೋಗಿ ನಿಂತಳು. "ನನಗೆ ಗಾಡಿ ಓಡಿಸೋದು ಕಲಿಸಿ."

ಅವಳಿಗಾಗ ಐವತ್ತೆರಡು. ಸೈಕಲ್ಲನ್ನೂ ತುಳಿದವಳಲ್ಲ. ಅವನು ಯಾಕೆ ಎನ್ನಲಿಲ್ಲ. "ಕ್ಲಚ್ಚು ಯಾವುದು ಗೊತ್ತಾ?" ಎಂದ. ಆರು ವರ್ಷದಲ್ಲಿ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

ಇಂಜಿನ್ನು ಎದ್ದ ಮೇಲೆ ಎರಡು ತಿಂಗಳು, ಪಾಳುಬಿದ್ದ ಮರದ ಕೊಟ್ಟಿಗೆಯ ಬಯಲಿನಲ್ಲಿ ದಿನಾ ಬೆಳಿಗ್ಗೆ ಕಲಿತಳು. ಅವನು ಪಕ್ಕದಲ್ಲಿ ಕೂತು, "ಬಿಡು, ಬಿಡು, ಮೆಲ್ಲಗೆ... ಹೊಲಿಗೆ ಯಂತ್ರ ಅಲ್ಲ ಅದು, ಹಾಗೆ ತುಳೀಬೇಡ" ಎನ್ನುತ್ತಿದ್ದ. ಎಲ್ಲ ಪೈಪುಗಳನ್ನೂ ಮಗಳು ಹೊಸದಾಗಿ ಹಾಕಿದ್ದಳು. ಒಂದೊಂದು ಜೋಡಣೆಯನ್ನೂ ಅಪ್ಪ ಕೈಯಿಂದ ಮುಟ್ಟಿ ನೋಡಿದ್ದ. ಗಾಡಿಗೆ ಕಡುನೀಲಿ ಬಣ್ಣ ಬಂತು. ಹೊಲಿಗೆಯಕ್ಕ ಪರೀಕ್ಷೆಗೆ ಹೋಗಿ, ಎರಡನೇ ಸಲಕ್ಕೆ ಲೈಸೆನ್ಸು ತಂದಳು. ಎಡಬಾಗಿಲಿನ ಒಳಗಿನ ಹಿಡಿಯೊಂದು ಬಾಕಿಯಿತ್ತು. ಹಾಕುತ್ತೇನೆ ಎಂದು ಮಗಳು ಹೊರಟಾಗ, "ಅದು ಇರ್ಲಿ, ಮುಂದಿನ ವಾರ ಹಾಕು" ಎಂದಳು.

ಆ ಶನಿವಾರ ಬೆಳಿಗ್ಗೆ ಒಬ್ಬಳೇ ಗಾಡಿ ತೆಗೆದುಕೊಂಡು ತಮ್ಮನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

"ಏನಕ್ಕಾ ಇದು! ನೀನಾ?" ಅವನು ನಿಜಕ್ಕೂ ಬೆರಗಾಗಿದ್ದ. ಗಾಡಿಯ ಸುತ್ತ ಒಂದು ಸುತ್ತು ಬಂದು ಬಣ್ಣದ ಮೇಲೆ ಕೈಯಾಡಿಸಿದ.

"ಹತ್ತು. ಒಂದು ಸುತ್ತು ಹಾಕ್ಕೊಂಡು ಬರೋಣ."

ಅವನು ಹತ್ತಿದ. ಹೊಸ ಸೀಟನ್ನು ಹೊಗಳಿದ, ಗೇರು ಬದಲಿಸಿದ್ದನ್ನು ಹೊಗಳಿದ. ಕಲ್ಲುಗೋಡೆಯ ರಸ್ತೆಗೆ ತಿರುಗಿದಾಗ ಮಾತು ನಿಲ್ಲಿಸಿದ. ಇಳಿಜಾರಿನ ತಲೆಯಲ್ಲಿ ಅವಳು ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚೀಲದೊಳಗೆ ಕೈ ಹಾಕಿ ಪೈಪಿನ ತುಂಡು ತೆಗೆದು ಅವನ ತೊಡೆಯ ಮೇಲಿಟ್ಟಳು.

ಅವನು ಅದನ್ನು ಮುಟ್ಟಲಿಲ್ಲ. ಹಾವು ಬಿದ್ದಂತೆ ತೊಡೆ ಸೆಟೆದುಕೊಂಡಿತು.

"ಗುಜರಿಗೆ ಹಾಕ್ದೆ ಅಂದಿದ್ದೆ..."

"ಸುಳ್ಳು ಹೇಳ್ದೆ. ನೀನೊಬ್ನೇ ಹೇಳಬೇಕಾ?" ಅವಳ ದನಿ ಸೂಜಿಗೆ ದಾರ ಪೋಣಿಸುವಾಗಿನಷ್ಟು ಸಮಾಧಾನವಾಗಿತ್ತು. "ಹೊಸ ಪೈಪಿಗೆ ನಾವೂ ಹಾಗೇ ಮಾಡಿದ್ದೀವಿ. ಬಡಿದು, ಮಡಚಿ, ಮೂರು ಸುತ್ತು ತಂತಿ. ನಾನೇ ಕಟ್ಟಿದ್ದು. ಬಂಗಾರದ ಕೈಯವರ ಕೆಲಸ, ನಿಲ್ಲಲೇಬೇಕಲ್ಲ?"

"ತಮಾಷೆ ಮಾಡ್ಬೇಡ ಅಕ್ಕಾ."

ಅವಳು ಹ್ಯಾಂಡ್‌ಬ್ರೇಕು ಇಳಿಸಿದಳು.

ಗಾಡಿ ಮೊದಲು ಮೆಲ್ಲಗೆ ಹೊರಟಿತು. ಆಮೇಲೆ ಮೆಲ್ಲಗಿರಲಿಲ್ಲ. ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ, ಹಿಡಿಯಿರಲಿಲ್ಲ. ಕಿಟಕಿಯ ಗಾಜು ಇಳಿಸಲು ತಿರುಗಿಸತೊಡಗಿದ, ಕೈ ಜಾರಿತು. ಎರಡೂ ಕಡೆಯ ಕಲ್ಲುಗೋಡೆ ಒಂದೇ ಬೂದು ಗೆರೆಯಾಗಿ ಹಿಂದೆ ಓಡುತ್ತಿತ್ತು.

"ತುಳಿ ಅಕ್ಕಾ! ಬ್ರೇಕು!"

"ತುಳಿದ್ರೆ ನಿಲ್ಲುತ್ತಾ?"

"ನಿಲ್ಲಲ್ಲ! ಆ ಮಡಿಕೆ ನಿಲ್ಲಲ್ಲ, ಸೀಳುತ್ತೆ, ನನಗೆ ಗೊತ್ತು! ಪೈಪು ಸಿಕ್ಕಿರ್ಲಿಲ್ಲ ಅಕ್ಕಾ, ಒಂದೆರಡು ದಿನಕ್ಕೆ ಅಂತ ಮಡಚಿದ್ದೆ, ಭಾವನಿಗೆ ಹೇಳೋಕೆ ಮರೆತೆ... ಭಾವ ಕುಡಿದಿರ್ಲಿಲ್ಲ, ಕುಡಿದಿರ್ಲಿಲ್ಲ!"

ಅವಳು ತುಳಿದಳು. ಮಗಳ ಪೈಪುಗಳು ಗಟ್ಟಿಯಾಗಿದ್ದವು. ಚಕ್ರಗಳು ಕಿರುಚಿದವು, ಗಾಡಿ ಸ್ವಲ್ಪ ಎಡಕ್ಕೆ ಎಳೆದು, ಕೀಲಿಯಂಗಡಿಗೆ ನಾಲ್ಕು ಮಾರು ದೂರದಲ್ಲಿ ಅಲುಗಾಡಿ ನಿಂತಿತು. ತಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಅಳುತ್ತಿದ್ದ. ಹೊಸ ಸೀಟು ಒದ್ದೆಯಾಗಿತ್ತು.

"ಮರೆತದ್ದು ಒಂದು ದಿನ" ಎಂದಳು ಅವಳು. "ಸುಳ್ಳು ಹೇಳಿದ್ದು ಆರು ವರ್ಷ. ನನ್ನ ಬಾಯಲ್ಲೂ ಹೇಳಿಸ್ದೆ. ಇಳಿ. ಇದನ್ನ ಈ ಅಂಗಡಿಯವರ ಮುಂದೆ ಹೇಳು."

ಹೊರಗಿನಿಂದ ಬಾಗಿಲು ತೆಗೆದು, ಅವನ ಕಾಲ ಬಳಿ ಬಿದ್ದಿದ್ದ ಪೈಪನ್ನು ಎತ್ತಿಕೊಂಡು, ಅವನನ್ನು ತೋಳು ಹಿಡಿದು ಇಳಿಸಿದಳು. ಅಂಗಡಿಯಲ್ಲಿ ಯಾರೂ ಕಾಣಲಿಲ್ಲ. ಕಟ್ಟೆಯ ಮೇಲೆ ಕೀಲಿಗಳು ಚೆಲ್ಲಾಪಿಲ್ಲಿಯಾಗಿದ್ದವು, ಕುರ್ಚಿ ಮಗುಚಿತ್ತು. ಕೀಲಿಯವನು ಪಕ್ಕದ ಮನೆಯ ಮೆಟ್ಟಿಲಿನ ಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಅರವತ್ತು ದಾಟಿದ ಮನುಷ್ಯ. ಬಾಯಿ ತೆರೆದಿತ್ತು. ಮೂರು ಬೆರಳಿನ ಕೈಯನ್ನು ಎದೆಗೊತ್ತಿ ಹಿಡಿದಿದ್ದ.

ತಮ್ಮ ಹೇಳಿದ. ತಡವರಿಸುತ್ತ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಪೈಪು ಮಡಚಿದ್ದು, ಮರೆತದ್ದು, ಹೆದರಿ ಭಾವನ ಮೇಲೆ ಹಾಕಿದ್ದು. ಕೀಲಿಯವನು ಕೇಳಿದ. ಮೆಟ್ಟಿಲಿಳಿದು ಬಂದು ಅವಳ ಕೈಯಿಂದ ಪೈಪು ತೆಗೆದುಕೊಂಡ.

"ಇದು ಯಾವಾಗ ಸಿಕ್ತು ನಿಮಗೆ?"

"ನಾಲ್ಕು ತಿಂಗಳಾಯ್ತು ಅಣ್ಣ."

"ನಾಲ್ಕು ತಿಂಗಳು." ಅವನು ಗಾಡಿಯ ಕಡೆ ನೋಡಿದ. "ನಡಕೊಂಡು ಬಂದು ತೋರಿಸಬಹುದಿತ್ತಲ್ಲಮ್ಮ. ಅದೇ ಗಾಡೀನ, ಅದೇ ಇಳಿಜಾರಲ್ಲಿ, ನನ್ನ ಕಡೆಗೇ ಬಿಟ್ಟಿರಲ್ಲ. ಹೇಗೆ ಹಾರಿದೆ ಗೊತ್ತಾ ನಾನು?"

ಹೊಲಿಗೆಯಕ್ಕ ಇಳಿಜಾರಿನ ತಲೆಯ ಕಡೆ ತಿರುಗಿ ನೋಡಿದಳು. ನಾಲ್ಕು ತಿಂಗಳು ಅವಳು ಈ ಇಳಿಜಾರನ್ನು ತಲೆಯಲ್ಲಿ ನೂರು ಸಲ ಇಳಿದಿದ್ದಳು. ತಮ್ಮನ ಮುಖ ಹೇಗಾಗುತ್ತದೆ ಎಂದು ನೋಡಿದ್ದಳು, ಎಲ್ಲಿ ತುಳಿಯಬೇಕು ಎಂದು ಅಳೆದಿದ್ದಳು. ಕೆಳಗೆ ಒಬ್ಬ ಮನುಷ್ಯ ಕೂತು ಮೇಲೆ ನೋಡುತ್ತಿರುತ್ತಾನೆ ಎನ್ನುವುದು ಒಂದು ಸಲವೂ ಹೊಳೆದಿರಲಿಲ್ಲ.

"ತಪ್ಪಾಯ್ತು" ಎಂದಳು.

"ಇವನು ಆ ಮಾತು ಹೇಳ್ಲಿಲ್ಲ ನೋಡಿ ಇನ್ನೂ" ಎಂದ ಕೀಲಿಯವನು ತಮ್ಮನ ಕಡೆ ಗಲ್ಲ ತೋರಿಸಿ. ಪೈಪನ್ನು ಹಿಂದಿರುಗಿಸಲಿಲ್ಲ. "ಇದು ನನ್ನ ಹತ್ರ ಇರ್ಲಿ."

ಹೊಲಿಗೆಯಕ್ಕ ಚೆಲ್ಲಿದ ಕೀಲಿಗಳನ್ನು ಆರಿಸಿ ಕಟ್ಟೆಯ ಮೇಲಿಟ್ಟು ಬಂದಳು. ತಮ್ಮನನ್ನು ವಾಪಸು ಕರೆದೊಯ್ಯಲಿಲ್ಲ. ಅವನು ಒದ್ದೆ ಪ್ಯಾಂಟಿನಲ್ಲೇ ಇಳಿಜಾರು ಹತ್ತಿಕೊಂಡು ಹೋದದ್ದನ್ನು ಆ ರಸ್ತೆಯವರೆಲ್ಲ ನೋಡಿದರು.

ಉಳಿದ ಕೆಲಸವನ್ನು ಕೀಲಿಯವನೇ ಮಾಡಿದ. ಪೈಪನ್ನು ಅಂಗಡಿಯ ಮುಂದೆ ಕೀಲಿಗಳ ಗೊಂಚಲಿನ ನಡುವೆ ತೂಗುಹಾಕಿದ. ಏನದು ಎಂದು ಕೇಳಿದವರಿಗೆಲ್ಲ ಕೀಲಿ ಉಜ್ಜುತ್ತ ಕಥೆ ಹೇಳಿದ. ಮನೆಗೆ ಬೀಗ ಎಲ್ಲರಿಗೂ ಬೇಕು. ಹಾಗಾಗಿ ಎಲ್ಲರಿಗೂ ಕಥೆ ಮುಟ್ಟಿತು. ಒಂದೇ ಮಳೆಗಾಲದಲ್ಲಿ ಬಂಗಾರದ ಕೈಯ ಗ್ಯಾರೇಜಿನ ಮುಂದೆ ನಾಯಿ ಮಲಗತೊಡಗಿತು. ಆಮೇಲೆ ಬಾಗಿಲು ಮುಚ್ಚಿತು.

ಗಂಡನಿಗೆ ಅವಳು ಆ ದಿನವೇ ಎಲ್ಲ ಹೇಳಿದ್ದಳು. ಅವನು ಮೊದಲು ಕೇಳಿದ್ದು, "ನಿಲ್ಲಿಸುವಾಗ ಎಡಕ್ಕೆ ಎಳೀತಾ?" ಎಂದು. ಸ್ವಲ್ಪ ಎಳೆಯಿತು ಎಂದಳು. ಸರಿ ಮಾಡಬೇಕು ಎಂದ. ಆಮೇಲೆ, "ನನಗೋಸ್ಕರ ಮಾಡಿದ್ಯಾ ಇದನ್ನ?" ಎಂದ.

"ಇಲ್ಲ. ನಾನು ಆಸ್ಪತ್ರೇಲಿ ನಿಮ್ಮನ್ನ ಆ ಮಾತು ಕೇಳಿದ್ನಲ್ಲ, ಅದಕ್ಕೆ. ಅದನ್ನ ಕೇಳಿಸಿದ್ದು ಅವನು."

"ಕೇಳಿದ್ದು ನೀನು" ಎಂದ ಗಂಡ. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೆ.

ಅವಳು ಹೌದೆಂದು ತಲೆಯಾಡಿಸಿದಳು. ಆ ರಾತ್ರಿ ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು.

ಈಗ ಮಗಳ ಗೇಟುಗಳನ್ನು ಹೊಲಿಗೆಯಕ್ಕನೇ ಸಾಗಿಸುತ್ತಾಳೆ. ಬೆಳಿಗ್ಗೆ ಗಾಡಿ, ಮಧ್ಯಾಹ್ನ ಹೊಲಿಗೆ. ಮೊನ್ನೆ ಬೇಸಿಗೆಯಲ್ಲಿ ತಾಯಿ ಮಗಳು ಎರಡು ಗೇಟು ಹೇರಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಹೋಗುತ್ತಿದ್ದಾಗ, ನೆರಳಿಲ್ಲದ ಬಸ್ ನಿಲ್ದಾಣವೊಂದರಲ್ಲಿ ಟೂಲ್ ಬ್ಯಾಗು ಕಾಲ ಬಳಿ ಇಟ್ಟುಕೊಂಡು ಒಬ್ಬ ನಿಂತಿದ್ದ. ಮೈ ಇಳಿದುಹೋಗಿತ್ತು. ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ಹೋಗುತ್ತಾನೆಂದು ಕೇಳಿದ್ದರು. ದೂರದಿಂದ ಯಾವುದೋ ಗಾಡಿ ಎಂದುಕೊಂಡು ಕೈ ಅಡ್ಡ ಹಿಡಿದ. ಹತ್ತಿರ ಬಂದಾಗ ಗುರುತು ಸಿಕ್ಕಿತು. ಆದರೂ ಕೈ ಇಳಿಸಲಿಲ್ಲ.

"ಅಮ್ಮಾ, ಮಾವ" ಎಂದಳು ಮಗಳು.

"ನೋಡಿದೆ."

ವೇಗ ಹೆಚ್ಚಿಸಲಿಲ್ಲ, ಕಡಿಮೆಯೂ ಮಾಡಲಿಲ್ಲ. ಅವನನ್ನು ದಾಟುವಾಗ ಮುಖ ತಿರುಗಿಸದೆ, ಅವನ ಕಣ್ಣನ್ನೇ ನೋಡುತ್ತ ದಾಟಿದಳು. ರಸ್ತೆಯ ಧೂಳು ಅವನನ್ನು ಮುಚ್ಚಿಕೊಂಡಿತು. ಒಂದು ಮೈಲಿ ಹೋದ ಮೇಲೂ ಎದೆಯಲ್ಲಿ ಎಲ್ಲಾದರೂ ನೋಯುತ್ತದೆಯೇ ಎಂದು ಅವಳು ಕಾದಳು. ನೋಯಲಿಲ್ಲ. ಮುಂದಿನ ತಿರುವಿನಲ್ಲಿ ಗಿರಾಕಿಯ ಮನೆ ಕಂಡಿತು. ಹಿಂಬದಿಯಾಗಿ ಗಾಡಿಯನ್ನು ಒಂದೇ ಸಲಕ್ಕೆ ಅಂಗಳಕ್ಕೆ ತಂದು ನಿಲ್ಲಿಸಿ, "ಇಳಿ, ಹಗ್ಗ ಬಿಚ್ಚು" ಎಂದಳು ಮಗಳಿಗೆ.